ಫ್ಲಾಸ್ಕಿನಲ್ಲಿ ಕಾಫಿ ಇರಲಿಲ್ಲ

ಬಂಗಾರಪೇಟೆಯಲ್ಲಿ ರೈಲು ಹತ್ತಿ ನನ್ನ ಎದುರು ಸೀಟಿನಲ್ಲಿ ಕೂತ ಹಿರಿಯರೊಬ್ಬರು ನನ್ನ ಮಡಿಲಲ್ಲಿದ್ದ ಫ್ಲಾಸ್ಕನ್ನೇ ನೋಡುತ್ತಿದ್ದರು. ಟೇಕಲ್ ಹೋಯಿತು. ಮಾಲೂರು ಬಂತು. ಇನ್ನು ತಡೆಯಲಾಗಲಿಲ್ಲ ಅಂತ ಕಾಣುತ್ತದೆ, ಕೇಳಿಯೇಬಿಟ್ಟರು.

"ಏನ್ ಮೇಡಂ, ಕಾಫೀನಾ? ಮುಚ್ಚಳದಲ್ಲಿ ಒಂದರ್ಧ ಸಿಕ್ಕೀತಾ? ಬೆಳಿಗ್ಗೆ ಮನೇಲಿ ಹಾಲು ಒಡೆದೋಯ್ತು."

ಫ್ಲಾಸ್ಕಿನಲ್ಲಿದ್ದದ್ದು ರಕ್ತ. ನನ್ನ ತಮ್ಮನ ರಕ್ತ. ಎರಡು ಪುಟ್ಟ ಸೀಸೆಗಳಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸುತ್ತಲೂ ಐಸ್ ತುಂಬಿ. ಆ ಐಸನ್ನು ರಾಬರ್ಟ್‌ಸನ್‌ಪೇಟೆಯ ಐಸ್‌ಕ್ಯಾಂಡಿ ಅಂಗಡಿಯವರ ಬಾಗಿಲು ಬಡಿದು ತಂದಿದ್ದೆ. (ಅವರು ಎರಡು ಕ್ಯಾಂಡಿ ಫ್ರೀ ಕೊಡಲು ಬಂದರು. ಬೇಡವೆಂದರೆ ಬೇಜಾರು ಮಾಡಿಕೊಂಡರು.)

"ಖಾಲಿಯಾಗಿದೆ ಸಾರ್" ಅಂದೆ. ಅವರು ನಂಬಲಿಲ್ಲ. ಖಾಲಿ ಫ್ಲಾಸ್ಕನ್ನು ಯಾರಾದರೂ ಎರಡು ಕೈಯಲ್ಲಿ ಅಪ್ಪಿ ಹಿಡಿಯುತ್ತಾರೆಯೇ? ಬೆಂಗಳೂರು ತಲುಪುವವರೆಗೂ ನನ್ನನ್ನು ಜಿಪುಣಿ ಅನ್ನುವ ಕಣ್ಣಲ್ಲಿ ನೋಡಿದರು. ನೋಡಲಿ ಬಿಡಿ. ಆ ಎರಡು ವಾರದಲ್ಲಿ ನಾನು ಹೇಳಿದ, ಹೇಳದೆ ಬಿಟ್ಟ ಮಾತುಗಳ ಪಟ್ಟಿಯಲ್ಲಿ ಇದು ತೀರಾ ಸಣ್ಣದು.

ನನ್ನ ತಮ್ಮ ಮುನಿರಾಜು. ಕಾಮಸಮುದ್ರದ ಹತ್ತಿರದ ನಮ್ಮ ಊರಲ್ಲಿ ಅಮ್ಮನ ಜೊತೆ ಇದ್ದಾನೆ. ಮೂರು ಹಸು, ಒಂದಿಷ್ಟು ರಾಗಿ, ಒಂದಿಷ್ಟು ಟೊಮೇಟೊ. ಹೆಂಡತಿ ಸರೋಜ. ವಯಸ್ಸು ಮೂವತ್ತೆರಡು. ಎರಡು ಹಾಲಿನ ಕ್ಯಾನು ಸೈಕಲ್ಲಿಗೆ ಕಟ್ಟಿಕೊಂಡು ದಿಣ್ಣೆ ಹತ್ತುವವನು. ಬೀಡಿ ಇಲ್ಲ, ಸಾರಾಯಿ ಇಲ್ಲ, ಎಲೆ ಅಡಿಕೆ ಕೂಡ ಹಬ್ಬಕ್ಕೆ ಮಾತ್ರ. ನಮ್ಮ ಮನೆಯಲ್ಲಿ ನೆಗಡಿ ಬಂದರೆ ಎಲ್ಲರಿಗೂ ಬಂದು ಕೊನೆಗೆ ಅವನ ಹತ್ತಿರ ಬರಲು ಹೆದರುತ್ತಿತ್ತು.

ಅಂಥವನಿಗೆ ಶಿವರಾತ್ರಿ ಕಳೆದ ಮೇಲೆ ಊಟ ಸೇರಲಿಲ್ಲ. ಅನ್ನ ಕಂಡರೆ ವಾಂತಿ. ಆಮೇಲೆ ಕಣ್ಣು ಹಳದಿ. ಕಾಮಾಲೆ ಅಂತ ಗುರುತಿಸುವುದಕ್ಕೆ ನಮ್ಮೂರಲ್ಲಿ ಡಾಕ್ಟರು ಬೇಕಾಗಿಲ್ಲ. ಹಾಲಿನ ಡೈರಿಯಲ್ಲಿ ಕ್ಯೂ ನಿಂತವರೇ ನೋಡಿ ಹೇಳಿದರು. ಮದ್ದನ್ನೂ ಅವರೇ ಹೇಳಿದರು.

ಗಡಿ ದಾಟಿದರೆ ಆಂಧ್ರದ ಒಂದು ಹಳ್ಳಿಯಲ್ಲಿ ಎಲೆಮದ್ದು ಕೊಡುವ ತಾತ ಇದ್ದಾರೆ. ಎಲೆ ಯಾವುದೆಂದು ಯಾರಿಗೂ ಗೊತ್ತಿಲ್ಲ. ಅರೆದು ಉಂಡೆ ಮಾಡಿ ಕೊಡುತ್ತಾರೆ. ಮೇಕೆ ಹಾಲಿನಲ್ಲಿ ಕದಡಿ, ಬರಿಹೊಟ್ಟೆಯಲ್ಲಿ ಕುಡಿಸಬೇಕು. ಮೂರು ಉಂಡೆ, ಮೂರು ದಿನಕ್ಕೊಂದರಂತೆ. ಉಪ್ಪಿಲ್ಲ, ಎಣ್ಣೆಯಿಲ್ಲ, ಅರಿಶಿನವಿಲ್ಲ. ಎಲ್ಲಕ್ಕಿಂತ ದೊಡ್ಡ ಪಥ್ಯ ಬಾಯಿಯದು. "ಎವರಿಕೀ ಚೆಪ್ಪೊದ್ದು" ಅಂದರಂತೆ ತಾತ. ಯಾರಿಗೂ ಹೇಳಬೇಡಿ. ಮದ್ದು ತಗೊಂಡೆವು ಅಂತ ಬಾಯಿಬಿಟ್ಟರೆ ಮದ್ದಿನ ಶಕ್ತಿ ಹೋಗುತ್ತದೆ.

ಇನ್ನೊಂದು ಮಾತನ್ನೂ ಹೇಳಿದ್ದರು. ನಿದ್ದೆ ಬಂದರೆ ಎಬ್ಬಿಸಬೇಡಿ, ಮದ್ದು ಹಿಡಿದಿದೆ ಅಂತ ಅರ್ಥ.

ನನಗೆ ಕಾಮಾಲೆಯ ವಿಷಯ ತಿಳಿದದ್ದೇ ಎರಡನೇ ಉಂಡೆ ಆದ ಮೇಲೆ. ನಾನಿರುವುದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ. ಭಾನುವಾರ ಬಸ್ಸು ಹಿಡಿದು ಊರಿಗೆ ಹೋದರೆ, ಅಮ್ಮ ಜಗುಲಿಯಲ್ಲೇ ತಡೆದಳು.

"ಮೆತ್ತಗೆ ಮಾತಾಡೇ. ಮಲಗವ್ನೆ. ನಿನ್ನೆಯಿಂದ ಎಂಥಾ ನಿದ್ದೆ ಅಂತೀಯ. ಮದ್ದು ಚೆಂದಾಗಿ ಇಡಿದೈತೆ."

ಇಡೀ ಮನೆ ಪಿಸುಗುಟ್ಟುತ್ತಿತ್ತು. ಹಸುವಿನ ಕೊರಳ ಗಂಟೆಯನ್ನು ಕೂಡ ಬಿಚ್ಚಿಟ್ಟಿದ್ದರು. ಸಂಜೆ ಮುನಿರಾಜು ಎದ್ದ. ಹಾಲು ಕರೆದ. ಕರೆದು ಬಂದು ಕೂತು ನನ್ನನ್ನು ನೋಡಿ, "ಅಕ್ಕಾ, ಹಾಲು ಕರೆದ್ರಾ?" ಅಂದ. ಕರೆದೆಯಲ್ಲೋ ಈಗ, ಅಂದೆ. ಹೌದಾ ಅಂದ. ಎದ್ದು ಹೋಗಿ ಮತ್ತೆ ಅದೇ ಹಸುವಿನ ಕೆಳಗೆ ಕೂತ. ಹಸುವಿಗೇ ಆಶ್ಚರ್ಯ, ಕಾಲು ಝಾಡಿಸಿತು. ಅವನು ಅಲ್ಲೇ ಕೂತು ಅಳಲು ಶುರುಮಾಡಿದ. ನಮ್ಮ ಮುನಿರಾಜು, ಅಪ್ಪ ಸತ್ತಾಗಲೂ ಜನರ ಮುಂದೆ ಅಳದವನು.

ನಿದ್ದೆಯಲ್ಲ ಇದು ಅಂತ ನನಗೆ ಆಗ ಅನ್ನಿಸಿತು. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಕೆಜಿಎಫ್‌ನ ಆಸ್ಪತ್ರೆಗೆ ಎಳೆದುಕೊಂಡು ಬಂದೆ. ಅಮ್ಮನೂ ಸರೋಜಳೂ ಜೊತೆಗೆ ಬಂದರು. ಅಮ್ಮನ ಸೊಂಟದ ಚೀಲದಲ್ಲಿ ಮೂರನೇ ಉಂಡೆ ಇತ್ತು.

ಈಗ ಕೇಳಿ ನಮ್ಮ ಜನರ ವೈದ್ಯಶಾಸ್ತ್ರ. ಚೀಟಿ ಬರೆಯುವವರು ಮೊದಲು ಕೇಳಿದ್ದು, "ಡ್ರಿಂಕ್ಸಾ?" ಇಲ್ಲ ಅಂದೆ. ವಾರ್ಡಿನ ಆಯಾ ತಮಿಳಲ್ಲಿ ಕೇಳಿದರು, "ಕುಡಿಪ್ಪಾರಾಮ್ಮಾ?" ಇಲ್ಲಮ್ಮ ಅಂದೆ. ಆಕೆ ನನ್ನ ಬೆನ್ನು ಸವರಿ, ನಮ್ಮ ಮನೆಯವರದ್ದೂ ಇದೇ ಕಥೆ, ಹೇಳಿಕೊಳ್ಳೋಕೆ ನಾಚಿಕೆ ಯಾಕೆ ಅಂದರು. ಪಕ್ಕದ ಮಂಚದವರ ನೆಂಟರು ಬಂದು ಕೇಳಿದರು. ಬಾಳೆಹಣ್ಣು ಮಾರುವವರು ಕೇಳಿದರು. ಕೆಜಿಎಫ್‌ನಲ್ಲಿ ಗಂಡಸೊಬ್ಬನ ಲಿವರ್ ಕೆಟ್ಟರೆ ಬೇರೆ ಕಾರಣವೇ ಇರಬಾರದೇ?

ಸಂಜೆ ಉರಿಗಾಂನಿಂದ ಚಿಕ್ಕಪ್ಪ ಬಂದರು. ಗಣಿಯಲ್ಲಿ ಕೆಲಸ. ನಾನು ಹುಟ್ಟುವ ಮುಂಚಿನಿಂದ, ಶಿಫ್ಟ್ ಮುಗಿದ ಸೈರನ್ ಕೇಳಿದರೆ ಅವರ ಕಾಲು ತಾನಾಗಿ ಸಾರಾಯಿ ಅಂಗಡಿಗೆ ಹೋಗುತ್ತದೆ. ಆವತ್ತೂ ಹೋಗಿಬಂದಿದ್ದರು. ಮಂಚದ ಪಕ್ಕ ಕೂತು ಮುನಿರಾಜುವಿನ ಕೈ ಹಿಡಿದು ಬುದ್ಧಿ ಹೇಳಿದರು.

"ಬಿಟ್ಬುಡ್ಲಾ. ಇನ್ಮೇಲೆ ಮುಟ್ಬೇಡ. ನನ್ಮಾತು ಕೇಳು ಕಣ್ಲಾ."

ಚಿಕ್ಕಪ್ಪನ ಲಿವರ್ ಮಾತ್ರ ಗುಂಡುಕಲ್ಲಿನ ಹಾಗಿದೆ.

ಸರಿಯಾದ ಪ್ರಶ್ನೆ ಕೇಳಿದವರು ಒಬ್ಬರೇ, ಆ ವಾರ್ಡಿನ ಡಾಕ್ಟರಮ್ಮ. ಚಿಕ್ಕ ವಯಸ್ಸಿನವರು. ಮುನಿರಾಜುವನ್ನು ಕೂರಿಸಿ, "ಎರಡು ಕೈಯೂ ಮುಂದಕ್ಕೆ ಚಾಚಿ. ಕಾಮಸಮುದ್ರದ ಬಸ್ಸು ಬರ್ತಾ ಇದೆ, ನಿಲ್ಲಿಸಿ ನೋಡೋಣ" ಅಂದರು. ಅವನು ಕೈ ಚಾಚಿದ. ಅಂಗೈಗಳು ಎತ್ತಿದಲ್ಲಿ ನಿಲ್ಲಲಿಲ್ಲ. ಬಿದ್ದು ಬಿದ್ದು ಏಳುತ್ತಿದ್ದವು. ಡಾಕ್ಟರಮ್ಮನ ಮುಖದಲ್ಲಿದ್ದ ನಗು ಹೋಯಿತು.

ನಮ್ಮನ್ನು ಹೊರಗೆ ಕರೆದು ಹೇಳಿದರು. "ಇದು ಬರೀ ಜಾಂಡೀಸ್ ಅಲ್ಲ. ಲಿವರ್ ಕೆಲಸ ನಿಲ್ಲಿಸ್ತಾ ಇದೆ. ಅದು ತೊಳೆಯಬೇಕಾದ ವಿಷ ತಲೆಗೆ ಏರ್ತಾ ಇದೆ, ಅದಕ್ಕೇ ಈ ಮಂಪರು. ಚೆನ್ನಾಗಿದ್ದ ಆಳಿಗೆ ಎರಡು ವಾರದಲ್ಲಿ ಹೀಗಾದ್ರೆ ನಾನು ಮೊದಲು ನೋಡೋದು ವೈರಸ್. ನೀರಿಂದ ಬರೋದು ಒಂದು ಥರ, ರಕ್ತದಿಂದ ಬರೋದು ಇನ್ನೊಂದು ಥರ. ಊರಲ್ಲಿ ಬೇರೆ ಯಾರಿಗಾದ್ರೂ ಆಗಿದ್ಯಾ?"

ಇಲ್ಲ ಅಂದೆವು. ನೀರಿನದಾದರೆ ಸಾಮಾನ್ಯವಾಗಿ ಇನ್ನೂ ನಾಲ್ಕು ಜನಕ್ಕೆ ಬರುತ್ತಿತ್ತು ಅಂದರು.

"ಈಚೆಗೆ ರಕ್ತ ಕೊಟ್ಟಿದ್ದು, ಹಾಕಿಸ್ಕೊಂಡಿದ್ದು? ಇಂಜೆಕ್ಷನ್? ಯಾವುದಾದ್ರೂ ಮಾತ್ರೆ? ನಾಟಿ ಔಷಧಿ? ಅದು ಮುಖ್ಯ. ಕೆಲವು ಸೊಪ್ಪು ತಾನೇ ಲಿವರನ್ನ ಕೆಡಿಸುತ್ತೆ."

"ಏನೂ ಇಲ್ಲ ಕಣಮ್ಮ" ಅಂದಳು ಅಮ್ಮ.

"ಏನೂ ಇಲ್ಲ" ಅಂದಳು ಸರೋಜ.

ಡಾಕ್ಟರಮ್ಮ ನನ್ನನ್ನು ನೋಡಿದರು. ನಾನು ಟೀಚರ್ ಅಂತ ಅವರಿಗೆ ಹೇಳಿದ್ದೆ. ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್. ಎಂಟನೇ ಕ್ಲಾಸಿಗೆ ಯಕೃತ್ತಿನ ಚಿತ್ರವನ್ನು ಬೋರ್ಡಿನ ಮೇಲೆ ಕಣ್ಣುಮುಚ್ಚಿ ಬಿಡಿಸುವವಳು. ವಾರವಾರ ಈ ಪತ್ರಿಕೆಯ ಇದೇ ಅಂಕಣದಲ್ಲಿ ಮೂಢನಂಬಿಕೆಗಳನ್ನು ಒನಕೆಯಲ್ಲಿ ಕುಟ್ಟುವವಳು. ಮಂತ್ರದ ದಾರದ ಬಗ್ಗೆ ನಾನು ಬರೆದದ್ದಕ್ಕೆ ಬಂದ ಬೈಗುಳದ ಪತ್ರಗಳು ನಿಮಗೂ ನೆನಪಿರಬಹುದು.

ನಾನು ನೆಲ ನೋಡಿದೆ.

ಅಮ್ಮ ಹಿಂದಿನಿಂದ ನನ್ನ ಸೆರಗು ಹಿಡಿದಿದ್ದಳು, ನಿಜ. ಆದರೆ ಸೆರಗು ಹಿಡಿದದ್ದಕ್ಕೆ ಬಾಯಿ ಕಟ್ಟಿಹೋಗುತ್ತದೆಯೇ? ಎಲೆಮದ್ದಿನ ಶಕ್ತಿ ಮಾತಿನಿಂದ ಹೋಗುತ್ತದೆ ಅಂತ ನಾನು ನಂಬುತ್ತೇನೆಯೇ? ಇಲ್ಲ. ಆದರೆ ನಾನು ಹೇಳಿ, ನಾಳೆ ಅವನಿಗೆ ಏನಾದರೂ ಆಗಿಬಿಟ್ಟರೆ? ಜೀವನವಿಡೀ ಅಮ್ಮ ನನ್ನ ಮುಖ ನೋಡುತ್ತಾಳೆಯೇ? ಒಂದು ವೇಳೆ, ಒಂದೇ ಒಂದು ವೇಳೆ, ತಾತ ಹೇಳಿದ್ದು ನಿಜವಾಗಿದ್ದರೆ? ತಮ್ಮ ಮಂಚದ ಮೇಲೆ ಬಿದ್ದಿರುವಾಗ ಆ ಒಂದು ವೇಳೆ ಎಷ್ಟು ದೊಡ್ಡದಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

"ಇಲ್ಲ ಡಾಕ್ಟರೇ" ಅಂದೆ.

ಅವರು ಇಲ್ಲ ಅಂತ ಬರೆದುಕೊಂಡರು. ಗ್ಲೂಕೋಸ್ ಹಾಕಿದರು. ಹೊಟ್ಟೆ ತೊಳೆಯುವ ಸಿರಪ್ ಕೊಟ್ಟರು. ಇಲ್ಲಿ ವೈರಸ್ಸಿನ ಟೆಸ್ಟ್ ಇಲ್ಲ, ನಾಳೆ ರಕ್ತ ಬೆಂಗಳೂರಿಗೆ ಹೋಗಬೇಕು ಅಂದರು. ಅವನನ್ನೇ ಕರೆದುಕೊಂಡು ಹೋಗೋಣವೇ ಅಂತ ಕೇಳಿದೆ. ಈ ಸ್ಥಿತಿಯಲ್ಲಿ ದಾರಿಯೇ ಅಪಾಯ, ಅಲ್ಲೂ ಸದ್ಯಕ್ಕೆ ಮಾಡುವುದು ಇದನ್ನೇ ಅಂದರು.

ಮಾರನೆಯ ದಿನ ಬೆಳಗ್ಗೆ ಬೇಗ ಆಸ್ಪತ್ರೆಗೆ ಹೋದೆ. ವಾರ್ಡಿನ ಬಾಗಿಲಲ್ಲಿ ಅಮ್ಮ ಸಿಕ್ಕಿದಳು. ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟು, ಸೆರಗಿನ ಅಡಿಯಲ್ಲಿ ಹಿತ್ತಾಳೆ ಲೋಟ. ಊರುಕೇರಿ ಗೊತ್ತಿಲ್ಲದ ಕೆಜಿಎಫ್‌ನಲ್ಲಿ ಅಷ್ಟು ಹೊತ್ತಿಗೆ ಮೇಕೆ ಹಾಲು ಎಲ್ಲಿಂದ ಹುಡುಕಿದಳೋ. ಹಾಲು ಹಸಿರಾಗಿತ್ತು.

"ಅಮ್ಮಾ, ಬೇಡ."

"ಮೂರ್ನೇದು ಕಣೇ. ಇದೊಂದ್ ಒಳಗೋದ್ರೆ ಮುಗೀತು. ನಡುವೆ ಬುಟ್ರೆ ತಿರುಗಿಬೀಳ್ತದೆ ಅಂದವ್ರೆ ತಾತ."

"ಡಾಕ್ಟರನ್ನ ಕೇಳಿ ಕೊಡೋಣ."

"ಕೇಳಿದ್ರೆ ಏಳ್ದಂಗಾಯ್ತಲ್ಲೇ. ಏನ್ ಟೀಚರಮ್ಮ ನೀನು."

ಅಷ್ಟು ಹೇಳಿ ನನ್ನನ್ನು ದಾಟಿ ಒಳಗೆ ಹೋದಳು. ಮುನಿರಾಜುವಿನ ತಲೆಯ ಕೆಳಗೆ ಕೈ ಹಾಕಿ ಎತ್ತಿದಳು. ಅವನು ಅಮ್ಮನನ್ನು ನೋಡಿದ. ಯಾರೆಂದು ಗುರುತು ಹತ್ತಲಿಲ್ಲ. ಆದರೂ ಲೋಟ ಬಾಯಿಗೆ ಬಂದ ತಕ್ಷಣ ಬಾಯಿ ತೆರೆದ, ಹಸುಗೂಸಿನ ಹಾಗೆ.

ಅದನ್ನು ನನಗೆ ನೋಡಲಾಗಲಿಲ್ಲ. ಲೋಟ ಕಿತ್ತುಕೊಂಡೆ. ಅರ್ಧ ಹಾಸಿಗೆಗೆ ಚೆಲ್ಲಿತು. ಉಳಿದ ಅರ್ಧ ಹಿಡಿದುಕೊಂಡು ಸೀದಾ ಡಾಕ್ಟರಮ್ಮನ ಮೇಜಿನ ಮುಂದೆ ಹೋಗಿ ಇಟ್ಟು, ಎಲ್ಲವನ್ನೂ ಹೇಳಿದೆ. ತಾತ, ಉಂಡೆ, ಎರಡು ಸಲ ಕುಡಿಸಿದ್ದು, ನಿನ್ನೆ ನಾನು ಸುಳ್ಳು ಹೇಳಿದ್ದು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲೋಟವನ್ನು ಮೂಸಿ ನೋಡಿ, "ಒಂದು ದಿನ ಹೋಯ್ತಲ್ಲಾ ಮೇಡಂ" ಅಂದರು. "ಹಳದಿ ಆದಮೇಲೆ ಕೊಟ್ಟಿದ್ದು, ಅಲ್ವಾ? ಹಾಗಾದ್ರೆ ಶುರುಮಾಡಿದ್ದು ಇದಲ್ಲ. ಆದ್ರೆ ಬಿದ್ದವನ ಮೇಲೆ ಇನ್ನೊಂದು ಮೂಟೆ ಹೊರಿಸಿರಬಹುದು. ಇನ್ನೊಂದು ತೊಟ್ಟೂ ಒಳಗೆ ಹೋಗಬಾರದು."

ವಾರ್ಡಿಗೆ ವಾಪಸ್ಸು ಬಂದರೆ ಅಮ್ಮ ಹಾಸಿಗೆ ಒರೆಸುತ್ತಿದ್ದಳು. ನನ್ನನ್ನು ನೋಡಲಿಲ್ಲ. ಒರೆಸುತ್ತಲೇ ಹೇಳಿದಳು.

"ಏಳ್ಬುಟ್ಯಲ್ಲ. ಇನ್ನು ಇವ್ನಿಗೇನಾದ್ರೂ ಆದ್ರೆ ನಿನ್ನ ಬಾಯಿಂದ್ಲೇ ಆಗಿದ್ದು. ತಿಳ್ಕೋ."

ಆ ಮಾತನ್ನು ಕಿವಿಯಲ್ಲಿಟ್ಟುಕೊಂಡೇ ನಾನು ಉರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿದ್ದು. ಮಡಿಲಲ್ಲಿ ಫ್ಲಾಸ್ಕು. ಎದುರಿಗೆ ಕಾಫಿ ಕೇಳಿದ ಹಿರಿಯರು. ಈಗ ಹೇಳಿ, ಅವರಿಗೆ ನಾನು ಏನು ಹೇಳಬೇಕಿತ್ತು?

ಲ್ಯಾಬಿನವರು ಫೋನ್ ಮಾಡಿದ್ದು ಎರಡು ದಿನ ಬಿಟ್ಟು. ರಕ್ತದಿಂದ ಬರುವ ವೈರಸ್. ಹೆಪಟೈಟಿಸ್ ಬಿ. ಡಾಕ್ಟರಮ್ಮ ಮತ್ತೆ ನಮ್ಮ ಮೂವರನ್ನೂ ಸಾಲಾಗಿ ನಿಲ್ಲಿಸಿದರು. ಈ ಸಲ ಅವರ ಧ್ವನಿ ನಾನು ಹೋಮ್‌ವರ್ಕ್ ಕೇಳುವ ಧ್ವನಿಯಂತಿತ್ತು.

"ಆರು ತಿಂಗಳ ಒಳಗೆ ಇವರ ಮೈಗೆ ಸೂಜಿ ಚುಚ್ಚಿದ್ದು ಯಾರು?"

"ಯಾರೂ ಇಲ್ಲ ಕಣಮ್ಮ" ಅಂದಳು ಅಮ್ಮ. ನಿಜವಾಗಿಯೂ ಅವಳು ಸುಳ್ಳು ಹೇಳುತ್ತಿರಲಿಲ್ಲ. ನೆನಪು ಮಾಡಿಕೊಂಡದ್ದು ಸರೋಜ. "ಅತ್ತೆ, ಸಂಕ್ರಾಂತಿಗೆ ಮುಂಚೆ ಎಲ್ರಿಗೂ ಜ್ವರ ಬಂದಿತ್ತಲ್ಲ. ಸೈಕಲ್ ಡಾಕ್ಟ್ರು ಬಂದಿರ್ಲಿಲ್ವಾ?"

"ಓ, ಅದಾ?" ಅಂದಳು ಅಮ್ಮ. "ಅದ್ಯಾಕೆ ಏಳ್ಬೇಕು? ಅದು ಮಾಮೂಲಿ ಸೂಜಿ ಅಲ್ವಾ."

ನೋಡಿ, ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುವುದು ಇಲ್ಲಿ. ಎಲೆಮದ್ದನ್ನು ಮುಚ್ಚಿಟ್ಟದ್ದು ಭಯಕ್ಕೆ. ಸೂಜಿಯನ್ನು ಹೇಳದೆ ಬಿಟ್ಟದ್ದು ಅದು ಹೇಳುವಂಥ ವಿಷಯವೇ ಅಲ್ಲ ಅಂತ. ನಮ್ಮ ಕಡೆ ಸೂಜಿ ಹಾಕದವನನ್ನು ಡಾಕ್ಟರು ಅನ್ನುವುದಿಲ್ಲ. ಮಾತ್ರೆ ಬರೆದುಕೊಟ್ಟರೆ, ಇವನಿಗೇನೂ ಬರಲ್ಲ ಅಂತ ಎದ್ದು ಬರುತ್ತೇವೆ. ಸೈಕಲ್ ಡಾಕ್ಟರಿಗೆ (ಅವರು ಯಾವ ಡಾಕ್ಟರೂ ಅಲ್ಲ, ಮೊದಲು ಎಲ್ಲೋ ಕಾಂಪೌಂಡರ್ ಆಗಿದ್ದವರು) ಇದು ಚೆನ್ನಾಗಿ ಗೊತ್ತು. ಸೈಕಲ್ಲಿನ ಹಿಂದೆ ಸ್ಟೀಲ್ ಡಬ್ಬಿ. ಡಬ್ಬಿಯಲ್ಲಿ ಒಂದು ಗಾಜಿನ ಸಿರಿಂಜು, ಒಂದು ಸೂಜಿ. ಬೆಳಿಗ್ಗೆ ಮನೆಯಲ್ಲಿ ಒಂದು ಸಲ ಕುದಿಸುತ್ತಾರೆ. ಆಮೇಲೆ ಊರೂರು ಸುತ್ತುತ್ತಾರೆ. ಒಬ್ಬರಿಗೆ ಹಾಕಿ, ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಇನ್ನೊಬ್ಬರಿಗೆ.

ಇದೆಲ್ಲ ನನಗೆ ಹೇಗೆ ಗೊತ್ತು? ಆವತ್ತು ನಾನೂ ಅಲ್ಲಿದ್ದೆ. ರಜೆ ಹಾಕಿ ಊರಿಗೆ ಹೋಗಿದ್ದೆ, ನನಗೂ ಜ್ವರ ಬಂದಿತ್ತು. "ಸೂಜಿ ಕುದಿಸಿದ್ದೀರಾ?" ಅಂತ ಕೇಳಿದ್ದೆ ಕೂಡ. "ಬೆಳಿಗ್ಗೇನೇ ಕುದಿಸಿವ್ನಿ ಮೇಡಂ" ಅಂದರು. ಬೆಳಿಗ್ಗೆಯಿಂದ ಎಷ್ಟು ಜನಕ್ಕೆ ಹಾಕಿದಿರಿ ಅಂತ ನಾನು ಕೇಳಲಿಲ್ಲ. ಮೈಕೈ ನೋಯುತ್ತಿತ್ತು. ತೋಳು ಚಾಚಿದೆ. ಆಸ್ಪತ್ರೆಯಲ್ಲಿ ಕೇಳಿದಾಗ ಅದು ನನಗೂ ನೆನಪಾಗಲಿಲ್ಲ.

"ಯಾರ್ಯಾರಿಗೆ ಹಾಕಿದ್ರು?" ಡಾಕ್ಟರಮ್ಮ ಕೇಳಿದರು.

"ನಮ್ಮಿಬ್ರಿಗೆ" ಅಂದಳು ಸರೋಜ, ಅತ್ತೆಯನ್ನು ತೋರಿಸಿ. "ಆಮೇಲೆ ಅಕ್ಕನಿಗೆ. ಕೊನೇಗೆ ಇವ್ರು ಒಲದಿಂದ ಬಂದ್ರು, ಇವ್ರಿಗೆ."

ಈ ವೈರಸ್ಸು ಕೆಲವರ ರಕ್ತದಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತದಂತೆ. ಅವರಿಗೆ ಕಾಮಾಲೆ ಆಗುವುದಿಲ್ಲ, ಜ್ವರವಿಲ್ಲ, ಏನೂ ಇಲ್ಲ. ಊಟ ಮಾಡಿಕೊಂಡು, ಪಾಠ ಮಾಡಿಕೊಂಡು, ಅಂಕಣ ಬರೆದುಕೊಂಡು ಇರಬಹುದು. ಅದೇ ವೈರಸ್ಸು ಇನ್ನೊಬ್ಬರ ಮೈಗೆ ಹೋಗಿ, ಒಂದೆರಡು ತಿಂಗಳು ಸುಮ್ಮನಿದ್ದು, ಆಮೇಲೆ ಎರಡು ವಾರದಲ್ಲಿ ಲಿವರನ್ನು ಮಲಗಿಸಬಹುದು. ಡಾಕ್ಟರಮ್ಮ ಇದನ್ನು ಯಾರನ್ನೂ ನೋಡದೆ ಹೇಳಿದರು. ಆವತ್ತು ನಮ್ಮ ಮನೆಗೆ ಬರುವ ಮುಂಚೆ ಆ ಸೂಜಿ ಇಡೀ ಬೀದಿ ಸುತ್ತಿರಬಹುದು, ಯಾರದೆಂದು ಹೇಳಲಾಗದು ಅಂತಲೂ ಸೇರಿಸಿದರು. ಒಳ್ಳೆಯವರು. ಆದರೆ ಲೆಕ್ಕ ಹಾಕುವುದು ನನಗೂ ಬರುತ್ತದೆ. ನನ್ನ ತೋಳಿನಿಂದ ಹೊರಬಂದ ಸೂಜಿ ನೇರವಾಗಿ ಹೋದದ್ದು ನನ್ನ ತಮ್ಮನ ತೋಳಿಗೆ.

ಮುನಿರಾಜು ಉಳಿದುಕೊಂಡ. ಐದನೇ ದಿನ ನನ್ನನ್ನು ಅಕ್ಕ ಅಂತ ಕರೆದ. ಆರನೇ ದಿನ, ಹಸುವಿಗೆ ಬೂಸ ಹಾಕುವವರು ಯಾರು ಅಂತ ಕೇಳಿದ. ಡಾಕ್ಟರಮ್ಮ ಮತ್ತೆ ಬಸ್ಸು ನಿಲ್ಲಿಸಲು ಹೇಳಿದರು. ಈ ಸಲ ಕೈ ಅಲುಗಲಿಲ್ಲ. ನಾನು ಹೊರಗೆ ಹೋಗಿ ಬಾಳೆಹಣ್ಣಿನವರ ಪಕ್ಕ ನಿಂತು ಅತ್ತೆ. "ಅಳಬೇಡಮ್ಮಾ, ಕುಡಿಯೋದು ಬಿಟ್ರೆ ಸರಿಹೋಗ್ತಾರೆ" ಅಂದರು ಅವರು.

ಯುಗಾದಿಯ ಹೊತ್ತಿಗೆ ಮನೆಗೆ ಕರೆದುಕೊಂಡು ಹೋದೆವು. ಅಮ್ಮ ಈಗ ನನ್ನ ಜೊತೆ ಮಾತಾಡುತ್ತಾಳೆ. ಡೈರಿಯ ಕ್ಯೂನಲ್ಲಿ ನಿಂತು ಏನು ಹೇಳುತ್ತಿದ್ದಾಳೆ ಗೊತ್ತೇ?

"ಎರಡೇ ಉಂಡೆ ಕಣ್ರೀ. ಎರಡಕ್ಕೇ ಎದ್ದು ಕೂತ. ಮೂರ್ನೇದನ್ನ ನಮ್ಮುಡುಗಿ ಚೆಲ್ದೆ ಇದ್ದಿದ್ರೆ ಒಂದ್ ವಾರ ಮುಂಚೇನೇ ಮನೆಗ್ ಬಂದಿರೋನು."

ತಾತನ ಮನೆ ಮುಂದೆ ಈಗ ನಮ್ಮೂರಿನವರದ್ದೇ ಸಾಲು. ಸೈಕಲ್ ಡಾಕ್ಟರನ್ನು ಹುಡುಕಿಕೊಂಡು ಹೋಗಿ ನಾನು ಜಗಳವಾಡಿದೆ. ಅವರು ತಲೆ ತಗ್ಗಿಸಿ ಕೇಳಿದರು. ಸುತ್ತ ನಿಂತಿದ್ದ ನಾಲ್ಕು ಜನ ಹೆಂಗಸರು ನನ್ನ ಮೇಲೆಯೇ ತಿರುಗಿಬಿದ್ದರು. ಅವರು ಬರದಿದ್ದರೆ ನಮ್ಮ ಮಕ್ಕಳಿಗೆ ಜ್ವರ ಬಂದಾಗ ನೀನು ಬರುತ್ತೀಯಾ ಅಂತ ಕೇಳಿದರು. ಸೂಜಿಯನ್ನು ಒಬ್ಬೊಬ್ಬರಿಗೂ ಹೊಸದಾಗಿ ಕುದಿಸಿ, ನೀರು ನಮ್ಮ ಒಲೆಯ ಮೇಲೇ ಇಡಿ ಅಂತ ಬೇಡಿಕೊಂಡು ಬಂದೆ. ಸೈಕಲ್ ಡಾಕ್ಟರು ಹೂಂ ಅಂದಿದ್ದಾರೆ. ಎಷ್ಟು ದಿನವೋ.

ಉಳಿದದ್ದು ಒಂದೇ ಕೆಲಸ. ಅಮ್ಮ, ಸರೋಜ, ನಾನು ಮೂವರೂ ಟೆಸ್ಟ್ ಮಾಡಿಸಬೇಕು ಅಂತ ಡಾಕ್ಟರಮ್ಮ ಅವತ್ತೇ ಹೇಳಿದ್ದರು. ಸರೋಜ ಕೂಡಲೇ ಒಪ್ಪಿದಳು. ಅಮ್ಮನೂ, "ಮೂರ್ ಕೆಜಿ ರಕ್ತ ಇಂಡ್ಕೊಂತಾರೆ" ಅಂತ ಗೊಣಗುತ್ತಾ ಒಪ್ಪಿದಳು. ಶಾಲೆ, ಪರೀಕ್ಷೆ, ಪೇಪರ್ ವ್ಯಾಲ್ಯುಯೇಷನ್ ಅಂತ ಮೂರು ವಾರ ಮುಂದೂಡಿದ್ದು ಯಾರೆಂದು ನೀವು ಊಹಿಸಿರುತ್ತೀರಿ.

ನನಗೆ ಹಾಕಿದ ಸೂಜಿಯೇ ತನಗೆ ಬಂದದ್ದು ಅಂತ ಮುನಿರಾಜುವಿಗೆ ಗೊತ್ತಾಗಿದೆ. ಸರೋಜ ಹೇಳಿರಬೇಕು. ಹೋದ ಭಾನುವಾರ ಜಗುಲಿಯಲ್ಲಿ ಕೂತು ನನ್ನ ಕಡೆ ನೋಡದೆ ಹೇಳಿದ.

"ನಿಂದೇ ಅಂತಾದ್ರೂ ಏನೀಗ? ನನ್ಗೆ ಏಳ್ಬೇಡ, ಅಷ್ಟೇ. ನಿನ್ಗೆ ಬೇಕಾದ್ರೆ ತಿಳ್ಕೊಂಡು ಔಷಧಿ ತಗೋ."

ಈ ಮನೆಯಲ್ಲಿ ಎಲ್ಲರಿಗೂ "ಹೇಳಬೇಡ" ಅನ್ನುವುದೊಂದೇ ಮದ್ದು.

ಬರುವ ಸೋಮವಾರ ಮತ್ತೆ ಅದೇ ರೈಲು, ಅದೇ ಫ್ಲಾಸ್ಕು, ಐಸ್‌ಕ್ಯಾಂಡಿಯವರ ಅದೇ ಐಸು. ಸೀಸೆ ಮೂರು. ಒಂದರ ಮೇಲೆ ನನ್ನ ಹೆಸರು. ಬಂಗಾರಪೇಟೆಯಲ್ಲಿ ಹತ್ತಿ ಕಾಫಿ ಕೇಳಿದ ಹಿರಿಯರು ಈ ಪತ್ರಿಕೆ ಓದುವವರಾದರೆ, ಈ ಸಲವೂ ನನ್ನ ಎದುರಿಗೇ ಕೂರುತ್ತಾರೆಯೇ?